ಮಿದುಳುಕಾಂಡದ ಗಡ್ಡೆ: ಹೆಬ್ಬೆರಳಿನಷ್ಟು ಜಾಗಕ್ಕೆ ಹೋಗುವ ದಾರಿಗಳು

ಎಂಆರ್‌ಐ ರಿಪೋರ್ಟಿನ ಕೊನೆಯ ಸಾಲಿನಲ್ಲಿ ‘ಬ್ರೈನ್‌ಸ್ಟೆಮ್ ಎಸ್‌ಓಎಲ್’ ಎಂದಿರುತ್ತದೆ. ಬ್ರೈನ್‌ಸ್ಟೆಮ್ ಅಂದರೆ ಮಿದುಳುಕಾಂಡ, ಎಸ್‌ಓಎಲ್ ಅಂದರೆ ಜಾಗ ಹಿಡಿದು ಕೂತಿರುವ ಏನೋ ಒಂದು. ಗಡ್ಡೆಯಿರಬಹುದು, ರಕ್ತನಾಳಗಳ ಗೊಂಚಲಿರಬಹುದು, ನಮ್ಮ ದೇಶದಲ್ಲಿ ಕ್ಷಯದ ಗಂಟೂ ಇರಬಹುದು. ಆ ಹಾಳೆ ಹಿಡಿದು ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: ‘ಆಪರೇಷನ್ ಮಾಡಿ ತೆಗೀಬಹುದಾ ಡಾಕ್ಟ್ರೇ?’ ಡಾಕ್ಟರು ತಕ್ಷಣ ಬಾಯಿ ಬಿಡುವುದಿಲ್ಲ. ಪರದೆಯ ಮೇಲೆ ಚಿತ್ರಗಳನ್ನು ಮೇಲಕ್ಕೂ ಕೆಳಕ್ಕೂ ಉರುಳಿಸುತ್ತ ಕೂರುತ್ತಾರೆ. ಗಡ್ಡೆ ಎಲ್ಲಿದೆ ಎಂಬುದು ಮೊದಲ ನೋಟಕ್ಕೇ ಕಂಡಿರುತ್ತದೆ. ಅದು ಯಾವ ಮಗ್ಗುಲಲ್ಲಿ ಹೊರಮೈಗೆ ಮೂಗು ತೂರಿಸಿದೆ, ತೂರಿಸಿದೆಯೋ ಇಲ್ಲವೋ ಎಂಬುದನ್ನು ಅವರು ಹುಡುಕುತ್ತಿರುತ್ತಾರೆ. ಮುಂದಿನ ಎಲ್ಲ ತೀರ್ಮಾನಗಳೂ ಅದರ ಮೇಲೇ ನಿಂತಿವೆ.

ಮಿದುಳುಕಾಂಡ ದೊಡ್ಡ ಮಿದುಳನ್ನು ಬೆನ್ನುಹುರಿಗೆ ಸೇರಿಸುವ ಕಾಂಡ. ಉದ್ದ ಸುಮಾರು 7 ಸೆಂಟಿಮೀಟರ್, ದಪ್ಪ ಹೆಬ್ಬೆರಳಿಗಿಂತ ತುಸು ಹೆಚ್ಚು. ಮೇಲೆ ಮಿಡ್‌ಬ್ರೈನ್, ನಡುವೆ ಹೊಟ್ಟೆ ಉಬ್ಬಿಸಿಕೊಂಡಂತಿರುವ ಪಾನ್ಸ್, ಕೆಳಗೆ ಮೆಡುಲ್ಲಾ. ತಲೆಯ ಹನ್ನೆರಡು ಜೊತೆ ನರಗಳಲ್ಲಿ ಹತ್ತರ ಬೇರು ಇಲ್ಲಿದೆ. ಕಣ್ಣು ಹೊರಳುವುದು, ರೆಪ್ಪೆ ಮುಚ್ಚುವುದು, ಕಿವಿ ಕೇಳುವುದು, ನುಂಗುವುದು, ಧ್ವನಿ ಹೊರಡುವುದು, ನಾಲಿಗೆ ಆಡುವುದು ಎಲ್ಲಕ್ಕೂ ಇಲ್ಲಿಂದಲೇ ಅಪ್ಪಣೆ. ಉಸಿರಾಟದ, ಎದೆಬಡಿತದ ಕೇಂದ್ರಗಳು ಮೆಡುಲ್ಲಾದಲ್ಲಿವೆ. ನಾವು ಎಚ್ಚರವಾಗಿರುವುದಕ್ಕೆ ಕಾರಣವಾದ ನರಜಾಲವೂ ಇದೇ ಕಾಂಡದ ಒಳಗೆ ಹರಡಿದೆ. ಇಷ್ಟರ ಜೊತೆಗೆ, ಮಿದುಳಿನಿಂದ ಕೈಕಾಲಿಗೆ ಹೋಗುವ ತಂತುಗಳೂ ಮೈಯಿಂದ ಮಿದುಳಿಗೆ ಬರುವ ತಂತುಗಳೂ ಈ ಇಕ್ಕಟ್ಟಿನಲ್ಲೇ ಹಾದುಹೋಗಬೇಕು.

ಈ ಕಿಕ್ಕಿರಿದ ಜಾಗಕ್ಕೂ ಒಂದು ವ್ಯವಸ್ಥೆಯಿದೆ. ಕೈಕಾಲಿನ ಆಜ್ಞೆ ಒಯ್ಯುವ ತಂತುಗಳ ಕಟ್ಟು ಮುಂಭಾಗದಲ್ಲಿ ಇಳಿಯುತ್ತದೆ. ನರಗಳು ಹುಟ್ಟುವ ಕೋಶಗಳ ಗುಂಪುಗಳು, ಅಂದರೆ ನ್ಯೂಕ್ಲಿಯಸ್‌ಗಳು, ಹೆಚ್ಚಾಗಿ ಹಿಂಭಾಗದಲ್ಲಿವೆ. ಮುಂದಿನಿಂದ ನುಗ್ಗಿದರೆ ಪಾರ್ಶ್ವವಾಯು, ಹಿಂದಿನಿಂದ ನುಗ್ಗಿದರೆ ಮುಖ, ಕಣ್ಣು, ಗಂಟಲು. ಇವೆರಡರ ನಡುವೆ ಕೆಲವೇ ಮಿಲಿಮೀಟರ್ ಅಗಲದ, ತುಲನೆಯಲ್ಲಿ ‘ಬಡ’ ಜಾಗಗಳಿವೆ. ಅಲ್ಲಿ ಸೀಳಿದರೆ ಆಗುವ ನಷ್ಟ ಕಡಿಮೆ. ಶಸ್ತ್ರಚಿಕಿತ್ಸಕರು ಇವನ್ನು ಸುರಕ್ಷಿತ ಪ್ರವೇಶ ವಲಯ ಎನ್ನುತ್ತಾರೆ. ನನಗೆ ಆ ‘ಸುರಕ್ಷಿತ’ ಎಂಬ ಮಾತಿನ ಮೇಲೆ ಅಷ್ಟು ಭರವಸೆಯಿಲ್ಲ. ‘ಕಡಿಮೆ ಅಪಾಯದ್ದು’ ಎಂದರೆ ಸತ್ಯಕ್ಕೆ ಹತ್ತಿರ.

ಐವತ್ತು-ಅರವತ್ತು ವರ್ಷಗಳ ಹಿಂದೆ ‘ತೆಗೀಬಹುದಾ’ ಎಂಬ ಪ್ರಶ್ನೆಗೆ ಉತ್ತರ ಸರಳವಿತ್ತು: ಕೈ ಹಾಕಬೇಡಿ. ಬಾಸ್ಟನ್ನಿನ ಮಕ್ಕಳ ನರಶಸ್ತ್ರಚಿಕಿತ್ಸಕ ಡೊನಾಲ್ಡ್ ಮ್ಯಾಟ್ಸನ್ 1969ರಲ್ಲಿ ಬರೆದದ್ದರ ತಾತ್ಪರ್ಯ ಇದು: ಗಡ್ಡೆಯ ಜಾತಿ ಯಾವುದೇ ಇರಲಿ, ಕೂತಿರುವ ಜಾಗದಿಂದಲೇ ಅದು ಕೆಟ್ಟ ಗಡ್ಡೆ, ಆಪರೇಷನ್ನಿಗೆ ಸಲ್ಲದ್ದು. ಅವರ ಕೈಯಲ್ಲಿದ್ದ ಸಲಕರಣೆ ನೋಡಿದರೆ ಆ ಮಾತನ್ನು ತಪ್ಪೆನ್ನಲಾಗದು. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಅವರ ಮಗಳು ಕ್ಯಾರೆನ್‌ಗೆ ಎರಡು ವರ್ಷವಾಗಿದ್ದಾಗ, 1961ರಲ್ಲಿ, ಪಾನ್ಸ್‌ನಲ್ಲಿ ಗಡ್ಡೆಯಿದೆ ಎಂದು ಗೊತ್ತಾಯಿತು. ಆಟವಾಡುತ್ತ ಬಿದ್ದ ಮೇಲೆ ಮಗುವಿನ ಕಣ್ಣು ಸರಿಯಾಗಿ ನಿಲ್ಲದೆ ಹೋದದ್ದು ಮೊದಲ ಸುಳಿವು. ಆಗ ಸಿಟಿ ಸ್ಕ್ಯಾನ್ ಇನ್ನೂ ಹುಟ್ಟಿರಲಿಲ್ಲ. ಎಕ್ಸ್‌ರೇ ಚಿಕಿತ್ಸೆ, ಆಮೇಲೆ ಕೋಬಾಲ್ಟ್ ವಿಕಿರಣ ಕೊಟ್ಟರು. 1962ರ ಜನವರಿ 28ರಂದು ಮಗು ತೀರಿಕೊಂಡಿತು. ಈ ಬಗೆಯ ಗಡ್ಡೆಯಲ್ಲಿ ಇವತ್ತಿಗೂ ಕಥೆ ಹೆಚ್ಚು ಬದಲಾಗಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಬದಲಾದದ್ದು ಉಳಿದ ಬಗೆಗಳಲ್ಲಿ. 1980ರ ದಶಕದಲ್ಲಿ ಎಂಆರ್‌ಐ ಬಂದ ಮೇಲೆ ಮಿದುಳುಕಾಂಡದ ಗಡ್ಡೆಗಳೆಲ್ಲ ಒಂದೇ ಅಲ್ಲ ಎಂಬುದು ಕಣ್ಣಿಗೆ ಕಂಡಿತು. ನ್ಯೂಯಾರ್ಕಿನ ಫ್ರೆಡ್ ಎಪ್‌ಸ್ಟೀನ್ 1986ರಲ್ಲಿ ಮಕ್ಕಳ ಗಡ್ಡೆಗಳನ್ನು ಬೆಳವಣಿಗೆಯ ರೀತಿ ನೋಡಿ ವಿಂಗಡಿಸಿ, ಯಾವುದಕ್ಕೆ ಕತ್ತರಿ ಹಾಕಬಹುದು, ಯಾವುದಕ್ಕೆ ಬೇಡ ಎಂದು ತೋರಿಸಿದರು. ಹಿಟ್ಟಿಗೆ ನೀರು ಬೆರೆತಂತೆ ನರತಂತುಗಳ ನಡುವೆಲ್ಲ ಹರಡಿಕೊಂಡದ್ದು ಒಂದು. ಒಂದೆಡೆ ಗುಂಡಗೆ ಕೂತದ್ದು ಇನ್ನೊಂದು. ಮೆಡುಲ್ಲಾ ಮತ್ತು ಕುತ್ತಿಗೆಯ ಬೆನ್ನುಹುರಿ ಸೇರುವಲ್ಲಿ ಬೆಳೆದದ್ದು ಮತ್ತೊಂದು. ಕಾಂಡದ ಬೆನ್ನಿನಿಂದ ಹೊರಚಾಚಿ, ಅದರ ಹಿಂದಿರುವ ನಾಲ್ಕನೇ ಕುಹರ ಎಂಬ ನೀರಿನ ಕೋಣೆಗೆ ತಲೆ ಹಾಕಿದ ಬಗೆಯೂ ಇದೆ. ಸಾವಕಾಶವಾಗಿ ಬೆಳೆಯುವ ಗಡ್ಡೆಗೆ ನರತಂತುಗಳ ಅಡ್ಡಗಟ್ಟನ್ನು ಭೇದಿಸಲಾಗುವುದಿಲ್ಲ. ಸಿಕ್ಕ ಬಿಡುವಿನತ್ತ ಅದು ವಾಲಿಕೊಳ್ಳುತ್ತದೆ. ಬೆನ್ನುಹುರಿಯಿಂದ ಮೇಲಕ್ಕೆ ಬೆಳೆದ ಗಡ್ಡೆ, ಕೈಕಾಲಿನ ತಂತುಗಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುವ ಜಾಗಕ್ಕೆ ಬಂದು ತಡೆದು, ಹಿಂದಕ್ಕೆ ಉಬ್ಬುತ್ತದೆ. ಹೀಗೆ ತನ್ನನ್ನು ತಲುಪುವ ದಾರಿಯನ್ನು ಗಡ್ಡೆಯೇ ತೆರೆದುಕೊಡುತ್ತದೆ.

ದಾರಿ ಆರಿಸಲು ಎರಡು ಚುಕ್ಕೆಗಳ ಲೆಕ್ಕವೊಂದಿದೆ. ಸ್ಕ್ಯಾನ್ ಚಿತ್ರದಲ್ಲಿ ಗಡ್ಡೆಯ ನಟ್ಟನಡುವೆ ಒಂದು ಚುಕ್ಕೆ, ಅದು ಹೊರಮೈಗೆ ಅತಿ ಹತ್ತಿರ ಬಂದಲ್ಲಿ ಇನ್ನೊಂದು. ಎರಡನ್ನೂ ಸೇರಿಸಿ ಗೆರೆಯನ್ನು ತಲೆಬುರುಡೆಯವರೆಗೆ ಎಳೆದರೆ, ಅದು ಮುಟ್ಟಿದಲ್ಲಿ ಬುರುಡೆ ತೆರೆಯಬೇಕು. ಅಮೆರಿಕದ ಫೀನಿಕ್ಸ್‌ನ ರಾಬರ್ಟ್ ಸ್ಪೆಟ್ಜ್ಲರ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಇದನ್ನು ಹೇಳಿದರು. ಕೇಳಲು ಶಾಲೆಯ ಜ್ಯಾಮಿತಿಯಷ್ಟು ಸುಲಭ. ಆದರೆ ಆ ಗೆರೆ ಒಮ್ಮೊಮ್ಮೆ ದೊಡ್ಡ ರಕ್ತನಾಳದ ಮೇಲೋ ನ್ಯೂಕ್ಲಿಯಸ್ಸಿನ ನೆತ್ತಿಯ ಮೇಲೋ ಹಾಯುತ್ತದೆ. ಆಗ ನೆಟ್ಟಗಿನ ದಾರಿ ಬಿಟ್ಟು, ತುಸು ಸುತ್ತಾದರೂ ಬಡ ಜಾಗದ ಮೂಲಕ ಹೋಗುತ್ತಾರೆ.

ಎಲ್ಲಕ್ಕಿಂತ ಹೆಚ್ಚು ತುಳಿದ ದಾರಿ ತಲೆಯ ಹಿಂಭಾಗದ್ದು. ರೋಗಿಯನ್ನು ಬೋರಲು ಮಲಗಿಸಿ, ತಲೆಯನ್ನು ಮೂರು ಮೊಳೆಗಳ ಚೌಕಟ್ಟಿನಲ್ಲಿ ಅಲುಗದಂತೆ ಬಿಗಿದು, ಕುತ್ತಿಗೆಯ ಮೇಲ್ಭಾಗದ ನಡುಗೆರೆಯಲ್ಲಿ ಕೊಯ್ಯುತ್ತಾರೆ. ಮೂಳೆ ತೆಗೆದರೆ ಕಿರುಮಿದುಳು ಎದುರಾಗುತ್ತದೆ. ಮಿದುಳುಕಾಂಡ ಅದರ ಹಿಂದೆ ಅಡಗಿದೆ. ಹಿಂದೆಲ್ಲ ಕಿರುಮಿದುಳಿನ ನಡುಭಾಗವನ್ನೇ ಸೀಳಿ ಒಳಹೋಗುತ್ತಿದ್ದರು. ಅದಕ್ಕೆ ಕೆಲವು ಮಕ್ಕಳು ತೆತ್ತ ಬೆಲೆ ವಿಚಿತ್ರವಾದದ್ದು. ಆಪರೇಷನ್ ಮುಗಿಸಿ ಎಚ್ಚರವಾಗಿ ‘ಅಮ್ಮಾ, ನೀರು’ ಎಂದ ಮಗು ಒಂದೆರಡು ದಿನದಲ್ಲಿ ಮಾತು ಪೂರ್ತಿ ನಿಲ್ಲಿಸಿಬಿಡುತ್ತದೆ. ಎಚ್ಚರವಿದೆ, ನೋಡುತ್ತದೆ, ಅಳುತ್ತದೆ, ಆದರೆ ಮಾತಿಲ್ಲ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಮಾತು ಮರಳುತ್ತದೆ, ಬಹಳ ಸಲ ತಡವರಿಸಿಕೊಂಡು. ಇವತ್ತು ಕಿರುಮಿದುಳಿನ ಕೆಳಗಿನ ಎರಡು ಹಾಲೆಗಳ ನಡುವಿನ ಸಹಜ ಸಂದನ್ನೇ ಬಿಡಿಸಿಕೊಂಡು, ತೆಳು ಪೊರೆಯೊಂದನ್ನು ಕತ್ತರಿಸಿ ನಾಲ್ಕನೇ ಕುಹರಕ್ಕೆ ಇಳಿಯುವ ಟೀಲೋವೀಲರ್ ದಾರಿ ಹೆಚ್ಚು ರೂಢಿಯಲ್ಲಿದೆ. ಮಿದುಳನ್ನು ಸೀಳುವ ಅಗತ್ಯ ಬೀಳುವುದಿಲ್ಲ. ಹಾಗೆಂದು ಮಾತು ನಿಲ್ಲುವ ಅಪಾಯ ಸೊನ್ನೆಯೇನೂ ಆಗಿಲ್ಲ.

ಆ ಕುಹರದ ನೆಲವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸೂಕ್ಷ್ಮದರ್ಶಕದಡಿ ಅದು ವಜ್ರದಾಕಾರದ, ಮುತ್ತಿನಂತೆ ಹೊಳೆಯುವ ಬಿಳಿ ನೆಲ. ನಡುವೆ ಉದ್ದಕ್ಕೆ ಒಂದು ತೋಡು. ಅದರ ಅಕ್ಕಪಕ್ಕದಲ್ಲಿ ಪುಟ್ಟ ಉಬ್ಬು ಒಂದೊಂದು. ಕಣ್ಣನ್ನು ಹೊರಬದಿಗೆ ಹೊರಳಿಸುವ ನರದ ನ್ಯೂಕ್ಲಿಯಸ್ಸನ್ನು ಮುಖದ ನರದ ತಂತುಗಳು ಪ್ರದಕ್ಷಿಣೆ ಹಾಕಿದಂತೆ ಬಳಸಿ ಹೋಗುವುದರಿಂದ ಎದ್ದ ಉಬ್ಬು ಅದು. ಅಲ್ಲಿ ತಪ್ಪಿ ಒಂದು ಗೀರು ಬಿದ್ದರೆ ಆ ಬದಿಯ ರೆಪ್ಪೆ ಮುಚ್ಚುವುದಿಲ್ಲ, ಬಾಯಿ ಸೊಟ್ಟಗಾಗುತ್ತದೆ, ಕಣ್ಣು ಆ ಕಡೆ ಹೊರಳುವುದಿಲ್ಲ. ನಡುತೋಡಿನ ಗುಂಟ ಸೀಳೋಣವೆಂದರೆ, ಎರಡೂ ಕಣ್ಣುಗಳನ್ನು ಜೊತೆಯಾಗಿ ನಡೆಸುವ ತಂತುಗಳು ಅಲ್ಲೇ ಇವೆ. ಅವು ಕೆಟ್ಟರೆ ನೋಡಿದ್ದೆಲ್ಲ ಎರಡೆರಡು. ನೆಲದ ಕೆಳತುದಿ ಚೂಪಾಗುತ್ತ ಹೋಗಿ ಲೆಕ್ಕಣಿಕೆಯ ಮೊನೆಯಂತಾಗುತ್ತದೆ. ಹಳೆಯ ಅಂಗರಚನಾ ಪಂಡಿತರು ಅದಕ್ಕಿಟ್ಟ ಲ್ಯಾಟಿನ್ ಹೆಸರಿನ ಅರ್ಥವೂ ಬರೆಯುವ ಕಡ್ಡಿ ಎಂದೇ. ಹೆಸರು ಚಂದ, ಜಾಗ ಭಯಂಕರ. ನುಂಗುವ, ನಾಲಿಗೆಯ, ವಾಂತಿಯ ಕೇಂದ್ರಗಳು ಅಲ್ಲಿ ಹೆಚ್ಚುಕಮ್ಮಿ ಮೇಲ್ಮೈಯಲ್ಲೇ ಇವೆ.

ಹಾಗಾದರೆ ಸೀಳುವುದೆಲ್ಲಿ? ಜಪಾನಿನ ಕ್ಯೋಶಿಮಾ ಮತ್ತು ಸಹೋದ್ಯೋಗಿಗಳು 1993ರಲ್ಲಿ ಎರಡು ಪುಟ್ಟ ತ್ರಿಕೋನಗಳನ್ನು ಗುರುತಿಸಿದರು. ಒಂದು ಮುಖದ ನರದ ಆ ಉಬ್ಬಿಗಿಂತ ಮೇಲೆ, ಇನ್ನೊಂದು ಕೆಳಗೆ. ನಡುತೋಡಿನಿಂದ ತುಸು ಪಕ್ಕಕ್ಕೆ ಸರಿದು ಉದ್ದಕ್ಕೆ ಸಣ್ಣದಾಗಿ ಸೀಳಿದರೆ ಹೊಕ್ಕು ಬರಬಹುದು. ಪುಸ್ತಕದ ಚಿತ್ರದಲ್ಲಿ ಇದು ಸ್ಪಷ್ಟ. ಆದರೆ ಒಳಗಿನಿಂದ ಗಡ್ಡೆ ಒತ್ತಿದಾಗ ನೆಲವೇ ಉಬ್ಬಿ, ತೋಡು ವಾರೆಯಾಗಿ, ಗುರುತುಗಳೆಲ್ಲ ಅಳಿಸಿಹೋಗಿರುತ್ತವೆ. ಅದಕ್ಕೇ ಕಣ್ಣನ್ನು ನಂಬದೆ ಕರೆಂಟನ್ನು ನಂಬುತ್ತಾರೆ. ತೆಳುವಾದ ಕಡ್ಡಿಯ ತುದಿಯಿಂದ ನೆಲದ ಮೇಲೆ ಒಂದೊಂದೇ ಬಿಂದುವಿಗೆ ಅತಿ ಸಣ್ಣ ವಿದ್ಯುತ್ ಮುಟ್ಟಿಸುತ್ತಾರೆ. ಮೊದಲೇ ಕೆನ್ನೆ, ತುಟಿ, ನಾಲಿಗೆಗಳಿಗೆ ಚುಚ್ಚಿಟ್ಟ ಸೂಜಿಗಳ ಸುದ್ದಿಯನ್ನು ಇನ್ನೊಂದು ಮೂಲೆಯಲ್ಲಿ ಕೂತ ತಂತ್ರಜ್ಞರು ಪರದೆಯ ಮೇಲೆ ಕಾಯುತ್ತಿರುತ್ತಾರೆ. ‘ಫೇಸ್ ಬಂತು ಸರ್.’ ಕಡ್ಡಿ ಎರಡು ಮಿಲಿಮೀಟರ್ ಮೇಲಕ್ಕೆ. ‘ಏನಿಲ್ಲ.’ ಇನ್ನೊಂದಿಷ್ಟು ಪಕ್ಕಕ್ಕೆ. ‘ಏನಿಲ್ಲ.’ ಆ ಎರಡನೇ ‘ಏನಿಲ್ಲ’ ಬಂದ ಕಡೆ ಸೀಳುತ್ತಾರೆ.

ಉಳಿದ ದಾರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪಾನ್ಸ್‌ನ ಪಕ್ಕದಲ್ಲಿ ಹೊರಬಂದ ಗಡ್ಡೆಗೆ ಕಿವಿಯ ಹಿಂದಿನಿಂದ ಹೋಗುತ್ತಾರೆ. ಮುಖದ ಸ್ಪರ್ಶದ ನರ ಹೊರಡುವ ಜಾಗದ ಆಸುಪಾಸು ಅಲ್ಲಿ ಒಳ್ಳೆಯ ಬಾಗಿಲು. ನರಶಸ್ತ್ರಚಿಕಿತ್ಸಕರಿಗೆ ಬೇರೆ ಕಾಯಿಲೆಗಳಿಂದಲೂ ಚಿರಪರಿಚಿತವಾದ ದಾರಿ ಇದು. ಮಿಡ್‌ಬ್ರೈನಿನ ಮುಂಭಾಗಕ್ಕೆ ಕಣತಲೆಯ ಕಡೆಯಿಂದ, ಕೆಲವೊಮ್ಮೆ ಕೆನ್ನೆಮೂಳೆಯ ಕಮಾನು ಮತ್ತು ಕಣ್ಣುಗೂಡಿನ ಅಂಚನ್ನೂ ಬಿಚ್ಚಿ ಹೋಗಬೇಕು. ಮೆಡುಲ್ಲಾದ ಪಕ್ಕ-ಮುಂಭಾಗಕ್ಕೆ ಬುರುಡೆಯೂ ಕತ್ತಿನ ಮೊದಲ ಮೂಳೆಯೂ ಸೇರುವಲ್ಲಿ ಒಂದಿಷ್ಟು ಮೂಳೆ ಕೆತ್ತಿ ಹೋಗುತ್ತಾರೆ. ಮೂಗಿನ ಮೂಲಕ ಎಂಡೋಸ್ಕೋಪ್ ಹಾಕಿ ಪಾನ್ಸ್‌ನ ಮುಂಭಾಗ ತಲುಪುವುದೂ ಉಂಟು. ಸುದ್ದಿಯಾಗುವುದು ಇದೇ, ಬೇಕಾಗುವುದು ಬಲು ಅಪರೂಪಕ್ಕೆ. ಎದುರಿಗೇ ಬೇಸಿಲರ್ ಎಂಬ ದೊಡ್ಡ ಅಪಧಮನಿ ನಿಂತಿದೆ, ಅದರ ಬೆನ್ನಿಗೇ ಕೈಕಾಲಿನ ತಂತುಗಳಿವೆ, ಮಿದುಳ ನೀರು ಮೂಗಿನಿಂದ ಸೋರುವ ಕಾಟ ಬೇರೆ.

ಮಿಡ್‌ಬ್ರೈನಿನ ಹಿಂಭಾಗಕ್ಕೆ ಹೋಗುವ ದಾರಿಯ ಬಗ್ಗೆ ಮಾತ್ರ ಒಂದು ಮಾತು. ಕಿರುಮಿದುಳಿನ ಮೇಲ್ಗಡೆ ಒಂದು ಪೊರೆಯ ಚಾವಣಿಯಿದೆ. ಆ ಚಾವಣಿಗೂ ಕಿರುಮಿದುಳಿಗೂ ನಡುವಿನ ಸಂದಿನಲ್ಲಿ ಜಾರಿ ಹೋಗಬೇಕು. ಕೆಲವರು ಇದಕ್ಕೆ ರೋಗಿಯನ್ನು ಕೂರಿಸಿಯೇ ಆಪರೇಷನ್ ಮಾಡುತ್ತಾರೆ. ಕೂತಾಗ ಕಿರುಮಿದುಳು ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ, ಅದನ್ನು ಒತ್ತಿ ಹಿಡಿಯುವ ಗೋಜಿಲ್ಲ, ರಕ್ತವೂ ಹರಿದು ಕೆಳಗೆ ಹೋಗುತ್ತದೆ. ತೊಂದರೆಯೇನೆಂದರೆ ತಲೆ ಹೃದಯಕ್ಕಿಂತ ಎತ್ತರದಲ್ಲಿದ್ದು, ತೆರೆದ ಸಿರೆಗಳು ಗಾಳಿ ಎಳೆದುಕೊಳ್ಳಬಲ್ಲವು. ಆ ಗಾಳಿ ಹೃದಯಕ್ಕೆ ಹೋದರೆ ಅನಾಹುತ. ಅರಿವಳಿಕೆ ತಜ್ಞರು ಎದೆಯ ಮೇಲೆ ಡಾಪ್ಲರ್ ಎಂಬ, ರಕ್ತದ ಹರಿವನ್ನು ಸದ್ದಾಗಿಸುವ ಸಾಧನ ಇಟ್ಟು ಕಿವಿಗೊಟ್ಟಿರುತ್ತಾರೆ. ಸದ್ದು ಬದಲಾದ ಕ್ಷಣಕ್ಕೆ ಗಾಯಕ್ಕೆ ಸಲೈನ್ ಸುರಿದು, ತಲೆ ತಗ್ಗಿಸುತ್ತಾರೆ.

ಒಳಗೆ ಹೋದ ಮೇಲೆ ಗಡ್ಡೆಯ ಜಾತಿಗೆ ತಕ್ಕ ಕೈಚಳಕ. ಮಕ್ಕಳಲ್ಲಿ ಕಾಣುವ ಪೈಲೋಸೈಟಿಕ್ ಆಸ್ಟ್ರೋಸೈಟೋಮಾ ಎಂಬ ಮಂದಗತಿಯ ಗಡ್ಡೆಯನ್ನು ಒಳಗಿನಿಂದ ಹೊರಕ್ಕೆ ಟೊಳ್ಳು ಮಾಡುತ್ತ ಬರುತ್ತಾರೆ. ಶ್ರವಣಾತೀತ ಕಂಪನದಿಂದ ಗಡ್ಡೆಯನ್ನು ಪುಡಿಗಟ್ಟಿ ಹೀರಿಕೊಳ್ಳುವ ಉಪಕರಣ ಇದಕ್ಕೆ ಬಲಗೈ. ಎಳೆದು ಕೀಳುವುದು ಮಹಾಪಾಪ. ಏಕೆಂದರೆ ಎಳೆತ ಪಕ್ಕದ ನರತಂತುಗಳಿಗೂ ತಾಗುತ್ತದೆ. ಬೂದುಬಣ್ಣದ ಗಡ್ಡೆ ಕರಗುತ್ತ ಬಂದು ಬಿಳಿ ಅಂಶ ಇಣುಕಿದಲ್ಲಿ ಕೈ ನಿಲ್ಲಬೇಕು. ಹೀಮಾಂಜಿಯೋಬ್ಲಾಸ್ಟೋಮಾ ಎಂಬ ರಕ್ತತುಂಬಿದ ಗಡ್ಡೆಗೆ ಇದು ಪೂರ್ತಿ ತಿರುಗುಮುರುಗು. ಒಳಗೆ ಕೈ ಹಾಕಿದರೆ ರಕ್ತದ ಕೋಡಿ. ಸುತ್ತಲಿನಿಂದ ಬಿಡಿಸಿ, ರಕ್ತನಾಳಗಳನ್ನು ಒಂದೊಂದಾಗಿ ಸುಟ್ಟು, ಇಡಿಯಾಗಿ ಹೊರತೆಗೆಯಬೇಕು. ಕ್ಯಾವರ್ನೋಮಾ ಗಡ್ಡೆಯಲ್ಲ, ದುರ್ಬಲ ರಕ್ತನಾಳಗಳ ಗೊಂಚಲು. ಅದನ್ನು ಅದಕ್ಕಿಂತ ಚಿಕ್ಕ ಕಿಂಡಿಯಿಂದ ತುಂಡು ತುಂಡಾಗಿ ತೆಗೆದು, ಸುತ್ತಲಿನ ತುಕ್ಕುಬಣ್ಣದ ಅಂಚನ್ನು ಮುಟ್ಟದೆ ಬಿಡುತ್ತಾರೆ. ಮಿದುಳುಕಾಂಡವನ್ನು ಹೊಗುವ ಪಾಠವನ್ನು ಶಸ್ತ್ರಚಿಕಿತ್ಸಕರಿಗೆ ಬಹುಮಟ್ಟಿಗೆ ಕಲಿಸಿದ್ದು ಈ ಕ್ಯಾವರ್ನೋಮಾಗಳೇ.

ಈ ಹೊತ್ತೆಲ್ಲ ನರಗಳ ಕಾವಲು ನಡೆದೇ ಇರುತ್ತದೆ. ನೆತ್ತಿಯ ಮೇಲೆ ವಿದ್ಯುತ್ ಮಿಡಿಸಿ ಕೈಕಾಲಿನ ಸ್ನಾಯು ಉತ್ತರಿಸುತ್ತದೆಯೇ ನೋಡುತ್ತಾರೆ. ಕಿವಿಗೆ ಟಿಕ್ ಟಿಕ್ ಸದ್ದು ಕೊಟ್ಟು ಅದು ಕಾಂಡದೊಳಗೆ ಮೇಲೇರುವುದನ್ನು ಅಳೆಯುತ್ತಾರೆ. ಹೀಗಾಗಿ ಸ್ನಾಯು ಸಡಿಲಿಸುವ ಮದ್ದನ್ನು ಉಸಿರುನಳಿಗೆ ಹಾಕುವಾಗ ಬಿಟ್ಟರೆ ಆಮೇಲೆ ಕೊಡುವಂತಿಲ್ಲ. ಅರಿವಳಿಕೆ ಗ್ಯಾಸ್ ಬದಲು ಪ್ರೊಪೊಫಾಲ್ ಎಂಬ ಮದ್ದಿನ ಡ್ರಿಪ್ಪಿನಲ್ಲೇ ನಿದ್ದೆ ನಿಭಾಯಿಸಬೇಕು. ಹೃದಯಕ್ಕೂ ಹೋಗುವ ಹತ್ತನೇ ನರದ ಹತ್ತಿರ ಕೈ ಹೋದರೆ ಎದೆಬಡಿತ ದಿಢೀರನೆ ಇಳಿಯುತ್ತದೆ. ಅರಿವಳಿಕೆ ತಜ್ಞರು ‘ಸ್ಟಾಪ್’ ಎಂದರೆ ಎಲ್ಲರ ಕೈಯೂ ಮೇಲಕ್ಕೆ. ಹೆಚ್ಚಿನ ಸಲ ಕೈ ತೆಗೆದ ಕೂಡಲೇ ಬಡಿತ ಮರಳುತ್ತದೆ. ಕೈಕಾಲಿನ ಸಂಕೇತ ಕುಸಿದರೆ ಬಿಸುಪಾದ ಸಲೈನ್ ಹಾಯಿಸಿ, ರಕ್ತದೊತ್ತಡ ಏರಿಸಿ, ಸುಮ್ಮನೆ ಕಾಯುತ್ತಾರೆ. ಸಂಕೇತ ಮರಳದಿದ್ದರೆ ಉಳಿದ ಗಡ್ಡೆ ಉಳಿಯಲಿ ಎಂದು ಹೊರಬರುತ್ತಾರೆ. ರೋಗಿಯ ಕಡೆಯವರು ‘ಪೂರ್ತಿ ತೆಗೀತೀರಾ’ ಎಂದು ಕೇಳುವುದು ಸಹಜ. ‘ಎಲ್ಲಿಗೆ ನಿಲ್ಲಿಸ್ತೀರಿ, ಉಳಿದದ್ದಕ್ಕೆ ಏನು ಮಾಡ್ತೀರಿ’ ಎಂದೂ ಕೇಳಿ. ಮಂದಗತಿಯ ಗಡ್ಡೆಯ ಚೂರು ವರ್ಷಗಟ್ಟಲೆ ತೆಪ್ಪಗೆ ಕೂತಿರಬಹುದು. ಬೆಳೆದರೆ ಕಿಮೋ ಇದೆ, ಬಿಆರ್‌ಎಎಫ್ ವಿ600ಇ ಎಂಬ ಜೀನ್ ಬದಲಾವಣೆ ಇದ್ದವರಿಗೆ ಮಾತ್ರೆಗಳಿವೆ.

ಇನ್ನು ಕತ್ತರಿಗೆ ಸಲ್ಲದ ಗಡ್ಡೆ. ಡಿಐಪಿಜಿ ಎಂದು ಕರೆಯುವ, ಪಾನ್ಸ್‌ ತುಂಬ ಹರಡಿಕೊಳ್ಳುವ ಇದು ಹೆಚ್ಚಾಗಿ ಐದರಿಂದ ಹತ್ತು ವರ್ಷದ ಮಕ್ಕಳಲ್ಲಿ ಬರುತ್ತದೆ. ಕೆಲವೇ ವಾರಗಳಲ್ಲಿ ಮೆಳ್ಳೆಗಣ್ಣು, ಸೊಟ್ಟ ಬಾಯಿ, ತೂರಾಡುವ ನಡಿಗೆ. ಇಲ್ಲಿ ಗಡ್ಡೆಯ ಕೋಶಗಳೂ ಕೆಲಸ ಮಾಡುತ್ತಿರುವ ನರತಂತುಗಳೂ ನೇಯ್ಗೆಯ ಹಾಸು-ಹೊಕ್ಕಿನಂತೆ ಬೆರೆತಿವೆ. ಒಂದನ್ನು ಎಳೆದರೆ ಇನ್ನೊಂದೂ ಬಂತು. ಹಣ ಎಷ್ಟೇ ಇರಲಿ, ಯಾವ ದೇಶಕ್ಕೇ ಒಯ್ಯಲಿ, ತೆಗೆಯಲಾಗದು. ಆರು ವಾರಗಳ ರೇಡಿಯೇಷನ್, ಅಂದರೆ ಜನ ‘ಕರೆಂಟು ಕೊಡೋದು’ ಎನ್ನುತ್ತಾರಲ್ಲ ಅದು, ಬಹಳ ಮಕ್ಕಳಿಗೆ ಕೆಲವು ತಿಂಗಳ ಸುಧಾರಣೆ ಕೊಡುತ್ತದೆ. ಅರ್ಧದಷ್ಟು ಮಕ್ಕಳು ಒಂದು ವರ್ಷ ದಾಟುವುದಿಲ್ಲ. ‘ತೆಗೆದುಕೊಡ್ತೀವಿ’ ಎಂದು ಯಾರಾದರೂ ಹೇಳಿದರೆ ಎರಡನೇ ಅಭಿಪ್ರಾಯ ಪಡೆಯದೆ ಹೆಜ್ಜೆ ಇಡಬೇಡಿ.

ಆದರೂ ಇಲ್ಲಿ ಸೂಜಿಗೆ ಕೆಲಸವಿದೆ. ಬಹುಕಾಲ ಸ್ಕ್ಯಾನ್ ನೋಡಿಯೇ ರೋಗ ಹೇಳುತ್ತಿದ್ದರು, ಗಡ್ಡೆಯ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯನ್ನು ಅಪಾಯವೆಂದು ಬಿಟ್ಟಿದ್ದರು. ಪ್ಯಾರಿಸ್ಸಿನ ತಂಡವೊಂದು 2007ರಲ್ಲಿ 24 ಮಕ್ಕಳ ಬಯಾಪ್ಸಿಯ ಅನುಭವ ಪ್ರಕಟಿಸಿ, ಅದನ್ನು ಸುರಕ್ಷಿತವಾಗಿ ಮಾಡಬಹುದೆಂದು ತೋರಿಸಿತು. ಕಂಪ್ಯೂಟರ್ ಗುರಿ ಹಿಡಿದು, ಕಿರುಮಿದುಳನ್ನು ಪಾನ್ಸ್‌ಗೆ ಸೇರಿಸುವ ದಪ್ಪ ತೋಳಿನ ಮೂಲಕವೋ ಹಣೆಯ ಕಡೆಯಿಂದ ನೇರ ಕೆಳಕ್ಕೋ ತೆಳು ಸೂಜಿ ಇಳಿಸಿ ಅಕ್ಕಿಕಾಳಿನಷ್ಟು ಚೂರು ತರುತ್ತಾರೆ. ಅಂಥ ಚೂರುಗಳಿಂದ ಮತ್ತು ತೀರಿಕೊಂಡ ಮಕ್ಕಳ ಗಡ್ಡೆಯ ಮಾದರಿಗಳಿಂದ 2012ರಲ್ಲಿ ಎಚ್3 ಕೆ27ಎಂ ಎಂಬ ಜೀನ್ ದೋಷ ಪತ್ತೆಯಾಯಿತು. ಗಡ್ಡೆಯ ಹೆಸರೇ ಬದಲಾಗುವಷ್ಟು ದೊಡ್ಡ ಸುದ್ದಿ ಅದು. ಡೊರ್ಡಾವಿಪ್ರೋನ್ ಎಂಬ ಔಷಧಕ್ಕೆ 2025ರ ಆಗಸ್ಟ್‌ನಲ್ಲಿ ಅಮೆರಿಕ ಅನುಮತಿ ಕೊಟ್ಟದ್ದೂ ಈ ದೋಷವಿದ್ದು, ಚಿಕಿತ್ಸೆಯ ಬಳಿಕವೂ ಬೆಳೆಯುತ್ತಿರುವ ಗಡ್ಡೆಗಳಿಗೆ. ವಾಟ್ಸಾಪಿನಲ್ಲಿ ಆ ಸುದ್ದಿ ಓದಿ ಆಸೆಪಡುವ ಮುನ್ನ ಒಂದು ವಿಷಯ ತಿಳಿದಿರಲಿ: ಅನುಮತಿಗೆ ಆಧಾರವಾದ ಲೆಕ್ಕದಲ್ಲಿ ಡಿಐಪಿಜಿ ಸೇರಿರಲಿಲ್ಲ.

ಮುಟ್ಟದೆ ಬಿಡುವುದರಲ್ಲೇ ಜಾಣತನವಿರುವ ಗಡ್ಡೆಯೂ ಇದೆ. ಮಿಡ್‌ಬ್ರೈನಿನ ಹಿಂಗೋಡೆಯಲ್ಲಿ ಬೆಳೆಯುವ ಟೆಕ್ಟಲ್ ಗ್ಲಯೋಮಾ ಸಾಮಾನ್ಯವಾಗಿ ಸೋಮಾರಿ. ಮಿದುಳ ನೀರು ಹರಿಯುವ ಕಿರುಗಾಲುವೆಯನ್ನು ಒತ್ತುವುದೊಂದೇ ಅದರ ತಂಟೆ. ನೀರು ಕಟ್ಟಿ ತಲೆನೋವು, ವಾಂತಿ. ಎಂಡೋಸ್ಕೋಪಿನಿಂದ ಮೂರನೇ ಕುಹರದ ತಳದಲ್ಲಿ ತೂತು ಕೊರೆದು ನೀರಿಗೆ ಬೇರೆ ದಾರಿ ಮಾಡಿಕೊಟ್ಟರೆ ಎಷ್ಟೋ ಮಕ್ಕಳಿಗೆ ಅಷ್ಟೇ ಸಾಕು. ಗಡ್ಡೆ ಅಲ್ಲೇ ಇರುತ್ತದೆ, ಆಗಾಗ ಸ್ಕ್ಯಾನ್ ಮಾಡಿ ವಿಚಾರಿಸಿಕೊಂಡು ಬಂದರಾಯಿತು.

ದೊಡ್ಡ ಆಪರೇಷನ್ ಆದವರಿಗೆ ಹೊಲಿಗೆ ಹಾಕಿದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಮೆಡುಲ್ಲಾದ ಬಳಿ ಕೈಯಾಡಿದ್ದರೆ ಕೆಮ್ಮುವ, ನುಂಗುವ ಶಕ್ತಿ ಇದೆಯೆಂದು ಖಾತ್ರಿಯಾಗುವವರೆಗೆ ಉಸಿರುನಳಿಗೆ ತೆಗೆಯುವುದಿಲ್ಲ. ತಡವಾಗುವಂತಿದ್ದರೆ ಕತ್ತಿನಲ್ಲಿ ತೂತು ಮಾಡಿ ಟ್ರಾಕಿಯಾಸ್ಟಮಿ, ಊಟಕ್ಕೆ ಮೂಗಿನಲ್ಲಿ ರೈಲ್ಸ್ ಟ್ಯೂಬ್. ಇದನ್ನು ಕಂಡು ‘ಆಪರೇಷನ್ ಕೆಟ್ಟಿತು’ ಎಂದು ಮನೆಯವರು ಕಂಗಾಲಾಗುತ್ತಾರೆ. ಬಹಳ ಸಲ ಅದು ತಾತ್ಕಾಲಿಕ ಏರ್ಪಾಡು, ಮೊದಲೇ ಹೇಳಿರದಿದ್ದರೆ ಗಾಬರಿಯಾಗುವುದು ಅವರ ತಪ್ಪಲ್ಲ.

ಕೆಲವು ದಿನಗಳೋ ವಾರಗಳೋ ಆದ ಮೇಲೆ ಮೊದಲ ತುತ್ತಿನ ಪರೀಕ್ಷೆ. ಮನೆಯವರು ಪ್ರೀತಿಯಿಂದ ಎಳನೀರು ತಂದಿರುತ್ತಾರೆ. ನುಂಗುವುದನ್ನು ಕಲಿಸುವ ತೆರಪಿಸ್ಟ್ ಅದನ್ನು ಪಕ್ಕಕ್ಕಿಡುತ್ತಾರೆ. ತೆಳುವಾದದ್ದು ಗಂಟಲಿನ ಹತೋಟಿ ತಪ್ಪಿ ಸೀದಾ ಶ್ವಾಸಕೋಶಕ್ಕೆ ಇಳಿಯಬಹುದು. ಬದಲಿಗೆ ಗಟ್ಟಿಯಾದ ರಾಗಿ ಸರಿ, ಅರ್ಧ ಚಮಚ. ಗದ್ದ ಎದೆಗೆ ತಾಗಿಸಿ ನುಂಗಿಸುತ್ತಾರೆ. ಆಮೇಲೆ ‘ಆ... ಅನ್ನಿ’ ಎನ್ನುತ್ತಾರೆ. ಧ್ವನಿ ಒದ್ದೆಯಾಗಿ ಗೊರಗೊರ ಎಂದರೆ ಇನ್ನೊಂದು ವಾರ ಟ್ಯೂಬಿನಲ್ಲೇ. ಚೊಕ್ಕವಾಗಿ ಬಂದರೆ ಇನ್ನರ್ಧ ಚಮಚ.